ನಾನು ಬೈದೆ, ಅವನು ಬಿದ್ದ

ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು, ಫೆಬ್ರವರಿ ತಿಂಗಳು. ನಾವು ಮೇರಿಲೆಂಡಿನ ಕೊಲಂಬಿಯಾದಲ್ಲಿದ್ದೆವು. ನಮ್ಮ ಯಜಮಾನರು ಡಾಕ್ಟರು. ಅವರ ಮೈಸೂರಿನ ಕ್ಲಾಸ್‌ಮೇಟ್ ನಾಗರಾಜ್ ನಾರ್ತ್ ಕೆರೊಲಿನಾದಲ್ಲಿ ಡಾಕ್ಟರು. ಇಬ್ಬರೂ ಒಂದೇ ವರ್ಷ ಅಮೆರಿಕಕ್ಕೆ ಬಂದವರು. ಆದರೆ ಇಲ್ಲಿಯ ಪರೀಕ್ಷೆ ನಾಗರಾಜ್‌ಗೆ ಒಂದೇ ಸಲಕ್ಕೆ ಪಾಸು, ನಮ್ಮವರಿಗೆ ಎರಡನೇ ಸಲಕ್ಕೆ. ಅವರಿಗೆ ಸ್ವಂತ ಮನೆ, ನಮಗೆ ಬಾಡಿಗೆ ಅಪಾರ್ಟ್‌ಮೆಂಟು. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಸಹಿಸೋಕೆ ಆಗದೇ ಇದ್ದದ್ದು ಅವರ ಊರಿನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮು.

ಚಳಿಗಾಲದಲ್ಲಿ ಮನೆಯೊಳಗೆ ಒಬ್ಬಳೇ ಕೂತು ಟಿವಿ ನೋಡಿ ನೋಡಿ ನನಗೆ ಆ ಆಟದ ಹುಚ್ಚು ಹಿಡಿದಿತ್ತು. ನಮ್ಮ ಕಡೆಯ ಕೆಲವು ಕಾಲೇಜುಗಳು ಸೇರಿ ಕಾನ್ಫರೆನ್ಸ್ ಅಂತ ಒಂದು ಗುಂಪು. ತಮ್ಮತಮ್ಮಲ್ಲೇ ಆಡುತ್ತಾರೆ, ವರ್ಷಕ್ಕೊಬ್ಬರು ಚಾಂಪಿಯನ್. ವರ್ಷಕ್ಕೊಬ್ಬರು ಅನ್ನೋದು ಬರೀ ಹೆಸರಿಗೆ. ಯಾವಾಗ ನೋಡಿದರೂ ಗೆಲ್ಲುತ್ತಿದ್ದದ್ದು ನಾಗರಾಜ್ ಊರಿನ ಟೀಮೇ!

ಆ ಶನಿವಾರ ಅವರ ಊರಲ್ಲಿ ನಮ್ಮ ಮೇರಿಲೆಂಡಿನ ಟೀಮಿಗೂ ಅವರ ಟೀಮಿಗೂ ಮ್ಯಾಚು. ಅವರ ಟೀಮಿನ ಡಾಕ್ಟರು ನಾಗರಾಜ್‌ಗೆ ಸ್ನೇಹಿತರು, ಮೂರು ಟಿಕೆಟ್ ಕೊಟ್ಟಿದ್ದರು. ಹಿಂದಿನ ದಿನವೇ ಡ್ರೈವ್ ಮಾಡಿಕೊಂಡು ಹೋಗಿ ಅವರ ಮನೆಯಲ್ಲೇ ಇಳಿದುಕೊಂಡೆವು. ಬೆಳಿಗ್ಗೆ ಉಪ್ಪಿಟ್ಟಿನ ಜೊತೆಗೇ ಜಗಳ ಶುರುವಾಯಿತು.

"ರೆಫರಿಗಳೆಲ್ಲ ನಿಮ್ಮ ಕಡೆಯೋರೇ. ನಿಮ್ಮ ಹುಡುಗರನ್ನ ಮುಟ್ಟಿದ್ರೆ ಫೌಲು, ನಮ್ಮೋರನ್ನ ಬೀಳಿಸಿದ್ರೂ ಸೀಟಿ ಇಲ್ಲ," ಅಂದೆ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ ಅತ್ತಿಗೆ," ಅಂತ ನಾಗರಾಜ್ ನಕ್ಕರು.

"ಎತ್ತರದ ಹುಡುಗರನ್ನೆಲ್ಲ ನೀವೇ ಬಾಚ್ಕೊಂಡ್ರೆ ಮಿಕ್ಕೋರು ಯಾರನ್ನ ಆಡಿಸಬೇಕೋ?" ಅಂದರು ನಮ್ಮವರು.

"ಗೆಲ್ಲೋ ಕಡೆ ತಾನೆ ಕಣೋ ಹುಡುಗರು ಬರೋದು? ಇನ್ನೂ ಹತ್ತು ವರ್ಷ ಹೀಗೇ ನೋಡ್ತಿರು."

ಹತ್ತು ವರ್ಷವಂತೆ! ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ದೇವರೇ, ಈ ಮನುಷ್ಯನ ಎದುರಿಗೆ ಇವತ್ತೊಂದು ದಿನ ನಮ್ಮ ಟೀಮನ್ನ ಗೆಲ್ಲಿಸಪ್ಪಾ ಅಂತ ಬೇಡಿಕೊಂಡೆ.

ಸ್ಟೇಡಿಯಂನಲ್ಲಿ ನನ್ನ ಎಡಗಡೆ ನಾಗರಾಜ್, ಅವರಾಚೆ ನಮ್ಮವರು. ಬಲಗಡೆ ಐವತ್ತು ದಾಟಿದ ಒಬ್ಬ ಅಮೆರಿಕನ್ ಹೆಂಗಸು. ನನ್ನ ಸೀರೆಯನ್ನು ಹೊಗಳಿ, ಕಡಲೆಕಾಯಿ ಕೊಟ್ಟರು.

ಕೊನೆಯ ಐದು ನಿಮಿಷ ಇರುವವರೆಗೂ ನಾವೇ ಮುಂದಿದ್ದೆವು. ಆಮೇಲೆ ಅವರ ಟೀಮಿನ ಒಬ್ಬ ಉದ್ದನೆಯ ಹುಡುಗ ಶುರುಮಾಡಿದ ನೋಡಿ, ಚೆಂಡು ಸಿಕ್ಕರೆ ಸಾಕು, ಹಾರಿ ಹಾರಿ ಬುಟ್ಟಿಗೆ ಹಾಕೋದೇ! ಮೂರನೇ ಸಲಕ್ಕೆ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಇವನ ಕಾಲು ಮುರ್ದೋಗ!" ಅಂತ ಕಿರುಚಿದೆ. ಮಕ್ಕಳು ಹಾಲು ಚೆಲ್ಲಿದರೂ "ಕೈ ಸೇದೋಗ" ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಅದು ಬಾಯಿಮಾತು, ಅಷ್ಟೇ.

ಅವನು ಮತ್ತೆ ಹಾರಿದ. ಇನ್ನೊಬ್ಬನ ಪಾದದ ಮೇಲೆ ಇಳಿದು, ಕಾಲು ಹಿಡಿದುಕೊಂಡು ಬಿದ್ದ. ಏಳಲೇ ಇಲ್ಲ.

ಪಕ್ಕದ ಹೆಂಗಸು ಎದ್ದು ನಿಂತರು. "ನನ್ನ ಮಗ," ಅಂದರು. ನನ್ನ ಕಡೆ ತಿರುಗಿ, "ಈಗ ನೀನು ಏನೋ ಕೂಗಿದೆಯಲ್ಲ, ಏನದು?" ಅಂತ ಕೇಳಿದರು.

ನಾಗರಾಜ್ ನನ್ನನ್ನೊಮ್ಮೆ ನೋಡಿದರು. "ಪ್ರಾರ್ಥನೆ, ಮೇಡಂ. ನಮ್ಮ ಭಾಷೆಯಲ್ಲಿ. ಯಾರಿಗೂ ಪೆಟ್ಟಾಗದಿರಲಿ ಅಂತ," ಅಂದರು.

ಆಕೆ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ನಿಲ್ಲಿಸಬೇಡಮ್ಮ. ಇನ್ನೂ ಹೇಳು."

ದಿನಾ ಹೇಳುವ ಒಂದು ಶ್ಲೋಕವೂ ನಾಲಗೆಗೆ ಬರಲಿಲ್ಲ. "ತಪ್ಪಾಯ್ತು ದೇವರೇ, ಅವನು ಏಳಲಿ, ತಪ್ಪಾಯ್ತು," ಅಂತ ಗಟ್ಟಿಯಾಗಿ ಹೇಳುತ್ತಾ ಹೋದೆ. ಪ್ರತಿಸಲವೂ ಆಕೆ "ಆಮೆನ್" ಅಂದರು. ಅವನನ್ನು ಎತ್ತಿಕೊಂಡು ಹೋದಾಗ ನನಗೆ ಥ್ಯಾಂಕ್ಸ್ ಹೇಳಿ ಕೆಳಗೆ ಓಡಿದರು.

ನಮ್ಮ ಟೀಮು ಗೆದ್ದಿತು. ಗಲಾಟೆಯಲ್ಲಿ ನಮ್ಮ ಯಜಮಾನರಿಗೆ ಏನೂ ಕೇಳಿಸಿರಲಿಲ್ಲ, ಕುಣಿದಾಡಿದರು. ನನಗೆ ಚಪ್ಪಾಳೆ ತಟ್ಟಲೂ ಆಗಲಿಲ್ಲ. ನಾಗರಾಜ್ ಯಾವಾಗ ಬಾಯಿ ಬಿಡುತ್ತಾರೋ ಅಂತ ಕಾದೆ. ಬಿಡಲಿಲ್ಲ. ಅವರ ಅಡುಗೆಮನೆಯಲ್ಲಿ ನಾನೇ ಮಾತೆತ್ತಿದಾಗ, "ಬಿಡಿ ಅತ್ತಿಗೆ. ನಿಮ್ಮ ಟೀಮಿನವರಿಗೆ ನಾನೂ ಅದೇ ಅಂತಿರ್ತೀನಿ. ಯಾರೂ ಬಿದ್ದಿಲ್ಲ, ಅಷ್ಟೇ," ಅಂದರು. ಒಳ್ಳೆಯತನದಲ್ಲೂ ಇವರೇ ಮುಂದಾದರಲ್ಲ ಅಂತ ಅದಕ್ಕೂ ಹೊಟ್ಟೆಕಿಚ್ಚಾಯಿತು.

ಸೋಮವಾರ ಅವರ ಫೋನ್ ಬಂತು. "ಬರೀ ಉಳುಕು ಅತ್ತಿಗೆ, ಮೂಳೆಗೇನೂ ಆಗಿಲ್ಲ. ಅವರಮ್ಮ ಟೀಮಿನ ಡಾಕ್ಟರ ಹತ್ತಿರ ವಿಚಾರಿಸಿದ್ರಂತೆ, ಫೈನಲ್‌ಗೆ ಆ ಸೀರೆಯಾಕೆ ಬರ್ತಾಳಾ, ಅವಳ ಪ್ರಾರ್ಥನೆ ಬೇಕು ಅಂತ."

ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮನೆಯಲ್ಲೇ ಟಿವಿ ಮುಂದೆ ಕೂತು, ಆ ಹುಡುಗ ಹಾರಿದಾಗಲೆಲ್ಲ ಬಾಯಿಗೆ ಸೆರಗು ಒತ್ತಿಕೊಂಡೆ. ಆ ವರ್ಷವೂ ಅವರೇ ಗೆದ್ದರು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಆದರೆ ಅವನು ಎರಡು ಕಾಲ ಮೇಲೆ ನೆಟ್ಟಗೆ ನಿಂತು ಟ್ರೋಫಿ ಎತ್ತಿದಾಗ ನನಗೇ ಗೊತ್ತಿಲ್ಲದೆ ಕೈ ಮುಗಿದಿದ್ದೆ. ನಾಗರಾಜ್ ಟೀಮಿನ ಗೆಲುವಿಗೆ ನಾನು ಕೈ ಮುಗಿದದ್ದು ಅದೊಂದೇ ಸಲ.