ಹಿಂಗೋಡೆಯ ದನಿ

ಹಸ್ನಾವಿಯಾಳ ಎಡಗಿವಿ ಎಳವೆಯ ಜ್ವರದಲ್ಲೇ ಹೋಗಿತ್ತು. ಯಾರಾದರೂ ಕೂಗಿದರೆ ಕೇಳುತ್ತಿತ್ತು, ಯಾವ ಕಡೆಯಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಬೇರೆಯವರಿಗೆ ಅದು ಹೇಗೆ ತಿಳಿಯುತ್ತದೆ ಎಂಬ ಕುತೂಹಲವೇ ಅವಳನ್ನು ಈ ಕಸುಬಿಗೆ ಎಳೆಯಿತು. ಇಂಡೋನೇಷ್ಯಾದ ಮಕಾಸ್ಸರ್‌ನಲ್ಲಿ ಮಸೀದಿಯನ್ನೋ ಸಭಾಭವನವನ್ನೋ ಕಟ್ಟುವವರು, ಒಳಗಿನ ಮಾತು ಗೊಂದಲವಾಗದಂತೆ ಕೇಳಿಸಬೇಕೆಂದರೆ ಅವಳನ್ನು ಕರೆಸುತ್ತಿದ್ದರು.

ಬಂದರಿನ ಬಳಿಯ ಹೊಸ ಮೀನು ಮಾರುಕಟ್ಟೆಗೂ ಕರೆ ಬಂತು. ಬಾಗಿಲುಗಳೆಲ್ಲ ರಸ್ತೆಯ ಕಡೆಗೆ. ಧ್ವನಿವರ್ಧಕಗಳೆಲ್ಲ ಸಮುದ್ರದ ಕಡೆಯ, ಕಿಂಡಿಯೂ ಇಲ್ಲದ ಹಿಂಗೋಡೆಯ ಮೇಲೆ. ಅವಳು ಮೀನು ಮಾರುವ ಹೆಂಗಸರ ಕಣ್ಣಿಗೆ ಬಟ್ಟೆ ಕಟ್ಟಿಸಿ, ‘ಬೆಂಕಿ, ಹೊರಗೆ ನಡೆಯಿರಿ’ ಎಂಬ ರೆಕಾರ್ಡ್ ಹಾಕಿಸಿದಳು. ಎಲ್ಲರೂ ಗೋಡೆಯ ಕಡೆಗೇ ಹೆಜ್ಜೆ ಹಾಕಿದರು.

ಅಲ್ಲಿ ಮರ್ಯಾದೆಗೆ ಗಂಡಸರನ್ನು ಪಾಕ್, ಹೆಂಗಸರನ್ನು ಇಬು ಎನ್ನುತ್ತಾರೆ. ಗುತ್ತಿಗೆದಾರ ಪಾಕ್ ಶಾರಿಫ್ ನಕ್ಕ. “ಜನಕ್ಕೆ ಕಣ್ಣಿಲ್ವಾ, ಇಬು?”

“ಹೊಗೆ ತುಂಬಿದ್ಮೇಲೆ ಕಣ್ಣಿದ್ದು ಏನು ಪ್ರಯೋಜನ, ಪಾಕ್? ದನಿ ಎಲ್ಲಿಂದ ಬರುತ್ತೋ ಕಾಲು ಅತ್ತಲೇ ಹೋಗುತ್ತೆ. ಸ್ಪೀಕರ್‌ಗಳನ್ನ ಬಾಗಿಲ ಮೇಲೆ ಹಾಕ್ಸಿ.”

“ತಂತಿ ಎಳೆದು ಗಾರೆ ಮೆತ್ತಿ ಆಯ್ತು. ಒಂದೇ ಕಿವಿ ಇಟ್ಕೊಂಡು ಎರಡು ಕಿವಿಯೋರಿಗೆ ಪಾಠ ಹೇಳ್ತೀರಲ್ಲ!”

ಅವಳು ಒಪ್ಪಿಗೆ ಕೊಡಲಿಲ್ಲ. ಬೇರೆ ಯಾರಿಂದಲೋ ಒಪ್ಪಿಗೆ ತಂದು ಮಾರುಕಟ್ಟೆ ತೆರೆದರು. ಅವಳು ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಮಾರುವವರಿಗೆಲ್ಲ ಹೇಳತೊಡಗಿದಳು.

“ಆ ದನಿ ಬಂದ್ರೆ ಬೆನ್ನು ತೋರಿಸ್ಬೇಕು, ಅಷ್ಟೇ ತಾನೇ?” ಎಂದಳು ಟ್ಯೂನಾ ಮೀನು ಮಾರುವ ರೋಹಾನಾ. “ನನ್ನ ಗಂಡನ ದನಿಗೆ ದಿನಾ ಹಂಗೇ ಮಾಡ್ತೀನಿ!”

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಹಸ್ನಾವಿಯಾ ನಗಲಿಲ್ಲ. “ನಿಮಗೆ ಗೊತ್ತಾಯ್ತು. ಕೊಳ್ಳೋಕೆ ಬರೋರಿಗೆ ಯಾರಮ್ಮ ಹೇಳೋರು?”

ರಂಜಾನ್ ಹತ್ತಿರವಾಗಿ ಕಾಲಿಡಲೂ ಜಾಗವಿಲ್ಲದ ಒಂದು ಬೆಳಿಗ್ಗೆ, ಒಳಗಿನ ಕಾಫಿ ಅಂಗಡಿಯ ಗ್ಯಾಸ್ ಸಿಲಿಂಡರ್ ಹೊತ್ತಿಕೊಂಡಿತು. ಮೀನು ತುಂಬುವ ಥರ್ಮೊಕೋಲ್ ಪೆಟ್ಟಿಗೆಗಳಿಗೆ ಬೆಂಕಿ ತಗುಲಿ ಕಪ್ಪು ಹೊಗೆ ಕವಿಯಿತು. ಗೋಡೆಯ ಮೇಲಿನ ದನಿ ಶುರುವಾಯಿತು. ಮಾರುವವರು ಅದಕ್ಕೆ ಬೆನ್ನು ಹಾಕಿ, ಕೈಗೆ ಸಿಕ್ಕವರನ್ನು ಎಳೆದುಕೊಂಡು ಓಡಿದರು. ರೋಹಾನಾ ಬಾಗಿಲಾಚೆ ನಿಂತು ಕತ್ತಿಯ ಹಿಡಿಯಿಂದ ಬೋಗುಣಿ ಬಡಿಯುತ್ತ, “ಇತ್ತ ಬನ್ರೋ, ಇತ್ತ!” ಎಂದು ಗಂಟಲು ಹರಿಯುವಂತೆ ಕಿರುಚಿದಳು. ಆ ಸದ್ದು ಹಿಡಿದು ಬಹಳ ಮಂದಿ ಹೊರಬಂದರು. ಎಲ್ಲರಿಗೂ ಅದು ಕೇಳಿಸಲಿಲ್ಲ.

ಅಗ್ನಿಶಾಮಕದವರು ಒಳಹೊಕ್ಕಾಗ ಕೆಲವರು ಹಿಂಗೋಡೆಯ ಬುಡದಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಅವರ ತಲೆಯ ಮೇಲೆ ಆ ದನಿ ಇನ್ನೂ ‘ಹೊರಗೆ ನಡೆಯಿರಿ’ ಎನ್ನುತ್ತಲೇ ಇತ್ತು.

ವಿಚಾರಣೆಯಲ್ಲಿ ತಪ್ಪೆಲ್ಲ ಸಿಲಿಂಡರಿನ ತಲೆಗೆ ಬಂತು. ಹಸ್ನಾವಿಯಾ ಹೇಳಿದ್ದನ್ನು ತಲೆಯಾಡಿಸುತ್ತ ಕೇಳಿಕೊಂಡು, ಟೀ ಕುಡಿಸಿ ಕಳಿಸಿದರು.

ಆಗಲೇ ಊರಾಚೆ ಶಾರಿಫ್ ಇನ್ನೊಂದು ಮಾರುಕಟ್ಟೆ ಎಬ್ಬಿಸುತ್ತಿದ್ದ. ರೋಹಾನಾಳನ್ನು ಕರೆದುಕೊಂಡು ಅವಳು ನೋಡಲು ಹೋದಳು. ಗಾರೆ ಇನ್ನೂ ಹಸಿಯಾಗಿತ್ತು. ಹಿಂಗೋಡೆಯ ಮೇಲೆ, ಸಾಲಾಗಿ, ತಂತಿಯ ತುದಿಗಳು ಹೊರಗಿಣುಕುತ್ತಿದ್ದವು.