ಉಮಾದೇವಿ ಟೀಚರ್ ಉಳಿಸಿಕೊಂಡ ತವರು

ಉಮಾದೇವಿ ಟೀಚರ್ ಬಗ್ಗೆ ಊರಲ್ಲಿ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಹನ್ನೊಂದು ವರ್ಷ ಅವರ ಜೊತೆ ರಾವೂರಿನ ಅಂಗನವಾಡಿಯಲ್ಲಿ ಅನ್ನ ಬೇಯಿಸಿ, ಮಕ್ಕಳ ಮೂಗು ಒರೆಸಿದ ಸಹಾಯಕಿ ಇಮಾಮ್‌ಬೀ ನಾನು. ನನ್ನದೂ ಸ್ವಲ್ಪ ಕೇಳಿ. ಅವರ ಮೇಲೆ ನನಗೆ ಸಿಟ್ಟಿದೆ. ಪ್ರೀತಿಯೂ ಇದೆ, ಅದೇ ತೊಂದರೆ.

ಮೂರು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ಒಂದು ಟಿವಿ, ಒಂದು ಪೆನ್‌ಡ್ರೈವ್ ತುಂಬ ಕಾರ್ಟೂನ್ ಕೊಟ್ಟು ಹೋದರು. ಗಂಡು ಹೆಣ್ಣು ಸಮ ಅನ್ನುವುದು ಮಕ್ಕಳಿಗೆ ಎಳೆತನದಲ್ಲೇ ತಿಳಿಯಬೇಕಂತೆ. ಒಂದರಲ್ಲಿ ಅಳಿಲಿನ ಸಂಸಾರ. ಅಪ್ಪ ಅಳಿಲು ಮಗನಿಗೆ ಮರ ಹತ್ತುವುದನ್ನು ಕಲಿಸುತ್ತದೆ, ಮಗಳಿಗೆ ಗೂಡು ಗುಡಿಸು ಎನ್ನುತ್ತದೆ. ಆದರೆ ಆ ಅಳಿಲುಗಳು ಬೆಂಗಳೂರಿನ ಕನ್ನಡ ಆಡುತ್ತಿದ್ದವು. ಕಲ್ಲಿನ ಗಣಿಗೆ ಹೋಗುವವರ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟು ಕೂತವು.

ಟೀಚರ್ ಟಿವಿಯ ದನಿ ಬಂದ್ ಮಾಡಿ ತಮ್ಮ ಮಗಳು ಶೈಲಶ್ರೀಯನ್ನು ಕರೆತಂದರು. ಒಬ್ಬಳೇ ಮಗಳು, ಚಿತ್ತಾಪುರದಲ್ಲಿ ಪಿಯುಸಿ ಓದುತ್ತಿದ್ದಳು. ಶನಿವಾರ ಮಧ್ಯಾಹ್ನ ಟಿವಿಯ ಹಿಂದೆ ಕೂತು ಮರಿ ಅಳಿಲಿನ ಮಾತನ್ನು ಅವಳೇ ಆಡುತ್ತಿದ್ದಳು.

"ಅವಗೂ ನಾಕ ಕಾಲು, ನನಗೂ ನಾಕ ಕಾಲು. ನಾನೂ ಹತ್ತತೀನಿ, ಯಾರ ಬ್ಯಾಡಂತಾರ ನೋಡ್ತೀನಿ!"

ಮಕ್ಕಳು ಹೋ ಎಂದು ಕುಣಿಯುತ್ತಿದ್ದವು. ನನ್ನ ಮೊಮ್ಮಗ ಫೈಜಾನ್ ಮನೆಗೆ ಬಂದವನೇ ಅಕ್ಕನ ಕೈಯಿಂದ ಕಸಬರಿಗೆ ಕಸಿದುಕೊಂಡು ಗುಡಿಸಿದ. ಅರ್ಧ ಕಸ ನನ್ನ ಹಿಟ್ಟಿನ ಬುಟ್ಟಿಗೆ ಬಿತ್ತು. ಆದರೂ ನಾನು ಬೈಯಲಿಲ್ಲ.

ಹೋದ ವರ್ಷ ಶೈಲಶ್ರೀಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಟ್ರಂಕು ಬಂತು, ಹಾಸ್ಟೆಲಿಗೆಂದು ಚಾದರ ಬಂತು. ಅದೇ ವಾರ ಚಿಮ್ಮನಚೋಡದಿಂದ ಟೀಚರ ಅಣ್ಣ ಜಗದೇವಪ್ಪ ಬಂದ. ತಂದೆ ತಾಯಿ ತೀರಿದ ಮೇಲೆ ಟೀಚರಿಗೆ ತವರೆಂದರೆ ಆ ಅಣ್ಣನೇ. ನಮ್ಮ ಕಡೆ ಹೆಣ್ಣಿನ ಮೇಲೆ ಸೋದರಮಾವನ ಮನೆಯ ಹಕ್ಕು ಮೊದಲು. ಅವನ ಮಗ ದೇವಾನಂದನಿಗೆ ಮದುವೆಯ ವಯಸ್ಸು. ನಾನು ಅಂದು ಅಲ್ಲೇ ಇದ್ದೆ.

"ಹೆಣ್ಣ ಕೇಳಾಕ ಬಂದಿಲ್ಲ ಉಮಾ, ನಮ್ಮ ಹೆಣ್ಣ ನಾವು ಒಯ್ಯಾಕ ಬಂದೀನಿ," ಎಂದ. "ಇಲ್ಲ ಅಂದ್ರ ಚಿಮ್ಮನಚೋಡದ ದಾರಿ ಮರತ ಬಿಡು."

ಟೀಚರ ಗಂಡ ಅಂಬಾರಾಯ ಒಳ್ಳೆಯ ಮನುಷ್ಯ. "ನನಗಂತೂ ಹುಡುಗಿ ಓದಬೇಕು ಅಂತ ಅದ. ಆದ್ರ ನಿನ್ನ ತವರವರು, ನೀನೇ ಹೇಳು," ಎಂದು ಹೆಂಡತಿಯ ಕಡೆ ನೋಡಿದ.

ಶೈಲಶ್ರೀ ತಾಯಿಯ ಸೆರಗು ಹಿಡಿದಳು. "ಅವ್ವಾ, ನೀ ಒಂದ ಮಾತ ಇಲ್ಲ ಅನ್ನು. ಉಳದಿದ್ದು ನಾ ನೋಡ್ಕೋತೀನಿ."

ಟೀಚರ್ ಸೆರಗು ಬಿಡಿಸಿಕೊಂಡು ಒಳಗೆ ಹೋದರು. ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತಂದು ಅಣ್ಣನ ಅಂಗೈಗೆ ಹಾಕಿದರು. ಸಕ್ಕರೆ ಕೊಟ್ಟರೆ ಹೆಣ್ಣು ಕೊಟ್ಟಂತೆ. ನಾನಾದರೂ ಟೀಚರ ಕೈ ಹಿಡಿದು ತಡೆಯಬೇಕಿತ್ತು. ಅವರ ಮನೆತನದ ಮಾತು, ನನಗೇಕೆ ಎಂದು ಸುಮ್ಮನೆ ಕೂತೆ.

ಮದುವೆಯಾಯಿತು. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ ಎಂದು ಊರು ಆಡಿಕೊಂಡಿತು. ಶನಿವಾರ ಮಕ್ಕಳು "ಅಳಿಲಕ್ಕ ಎಲ್ಲಿ?" ಎಂದು ಗಲಾಟೆ ಮಾಡಿದರೆ ಟೀಚರ್ ಟಿವಿಯ ದನಿಯನ್ನೇ ಜೋರು ಮಾಡಿ ಅಡುಗೆ ಕೋಣೆಗೆ ಬಂದು ನನ್ನ ಪಕ್ಕ ಕೂಡುತ್ತಿದ್ದರು. ಒಮ್ಮೆ ಮಾತ್ರ ಅಂದರು: "ಇಮಾಮ್‌ಬೀ, ತವರಿಲ್ಲದಾಕಿ ಅನ್ನಿಸ್ಕೊಳ್ಳಾಕ ಭಾಳ ಅಂಜಿದೆ ನೋಡು."

ಪಂಚಮಿ ಬಂತು. ಹೊಸದಾಗಿ ಮದುವೆಯಾದ ಮಗಳನ್ನು ತವರಿಗೆ ಕರೆತರುವ ಹಬ್ಬ. ಕರೆಯಲು ಶೈಲಶ್ರೀಗೆ ಅಣ್ಣತಮ್ಮಂದಿರಿಲ್ಲವಾದ್ದರಿಂದ ಟೀಚರೇ ಚಿಮ್ಮನಚೋಡಕ್ಕೆ ಹೊರಟರು, ಜೊತೆಗೆ ನನ್ನನ್ನೂ ಎಳೆದುಕೊಂಡರು. ದಾರಿಯುದ್ದಕ್ಕೂ ಮಡಿಲಲ್ಲಿ ಉಂಡಿಯ ಡಬ್ಬಿ.

ಶೈಲಶ್ರೀ ಬಾಗಿಲಿಗೆ ಬಂದಳು. ಬಡವಾಗಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ತಾಯಿಗೆ ನೀರಿನ ತಂಬಿಗೆ ಕೊಟ್ಟಳು, ಬಗ್ಗಿ ಕಾಲು ಮುಟ್ಟಿದಳು.

"ಪಂಚಮಿಗಿ ಕರಿಯಾಕ ಬಂದೀನವ್ವಾ," ಎಂದರು ಟೀಚರ್.

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಾ ಎಲ್ಲಿಗಿ ಬರ್ಲಿ ಅವ್ವಾ? ನನ್ನ ಕೊಟ್ಟು ಉಳಿಸ್ಕೊಂಡಿದ್ದು ಈ ಮನೀನೇ ಅಲ್ಲಾ? ನಿನ್ನ ತವರು, ನೀನೇ ಎರಡ ದಿನ ಇದ್ದು ಹೋಗು. ಕೈಕಾಲ ತೊಳ್ಕೋ, ಉಣ್ಣಾಕ ಬಡಸ್ತೀನಿ."