ಪುಟ್ಟಿ ಅಮ್ಮನ ಡಬ್ಬಿ

ನಾನು ಚಿಕ್ಕವಳಿದ್ದಾಗ ನನ್ನ ಕೊರಳಲ್ಲಿ ಸರ ಇರಲಿಲ್ಲ, ಬೀಗದ ಕೈ ಇತ್ತು. ಕಪ್ಪು ದಾರಕ್ಕೆ ಪೋಣಿಸಿದ ಹಿತ್ತಾಳೆಯ ಬೀಗದ ಕೈ. ಓಡಿದರೆ ಎದೆಗೆ ಬಡಿಯುತ್ತಿತ್ತು, ಚಳಿಯ ಬೆಳಿಗ್ಗೆ ಅಂಗಿಯೊಳಗೆ ಬಿಟ್ಟುಕೊಂಡರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. ಸೈರನ್ ಕೂಗಿದಾಗ ಹೋಗಿ ಇನ್ನೊಂದು ಸೈರನ್ನಿಗೆ ಬರುತ್ತಿದ್ದರು. ಅಕ್ಕ ಏಳರ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ, ಮಡಚಿ, ಕತ್ತಲಾಗುವ ಹೊತ್ತಿಗೆ ವಾಪಸ್ಸಾಗುತ್ತಿದ್ದಳು. ಅಮ್ಮ ಇರಲಿಲ್ಲ. ಹಾಗಾಗಿ ಓಲ್ಡ್ ಟೌನಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯ ಬೀಗ ತೆಗೆಯುವವಳು ನಾನೇ.

ಖಾಲಿ ಮನೆಗೆ ಒಂದು ವಾಸನೆ ಇರುತ್ತದೆ ಮಕ್ಕಳೇ. ಬೆಳಿಗ್ಗೆ ಆರಿಸಿದ ಸೀಮೆಎಣ್ಣೆ ಸ್ಟೌ, ಒದ್ದೆ ಟವೆಲ್ಲು, ಮುಚ್ಚಿಟ್ಟ ಸಾರು. ನಾನು ಬಾಗಿಲು ತೆರೆದು "ಬಂದೆ" ಎಂದು ಜೋರಾಗಿ ಹೇಳುತ್ತಿದ್ದೆ. ಯಾರಿಗೆ ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ನಗಬೇಡಿ, ಒಂಬತ್ತು ವರ್ಷದ ಹುಡುಗಿಗೆ ಅದೊಂದು ಧೈರ್ಯ.

ಅದಕ್ಕೆ ಮೊದಲು ನಾವು ಆಯನೂರಿನಲ್ಲಿದ್ದೆವು. ಅಮ್ಮ ಜ್ವರ ಬಂದು ತೀರಿಕೊಂಡದ್ದು ಅಲ್ಲೇ. ಆಮೇಲೆ ಆ ಊರಿನಲ್ಲಿ ನನಗೆ ಹೆಸರೇ ಇಲ್ಲದಂತಾಯಿತು. ಅಂಗಡಿಗೆ ಹೋದರೆ "ಪಾಪ", ಶಾಲೆಯಲ್ಲಿ ಬಿದ್ದರೆ "ಪಾಪ", ಸುಮ್ಮನೆ ನಗುತ್ತಾ ನಿಂತಿದ್ದರೂ "ಪಾಪ, ತಾಯಿ ಇಲ್ಲದ ಮಗು". ಹೇಳಿದವರಿಗೆ ಕರುಣೆಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ಅಮ್ಮ ಇನ್ನೊಮ್ಮೆ ಸತ್ತಂತೆ ನನಗೆ ಅನ್ನಿಸುತ್ತಿತ್ತು. ಭದ್ರಾವತಿಗೆ ಬಂದಾಗ ನನಗೆ ಸಿಕ್ಕ ಒಂದೇ ಒಂದು ಸುಖವೆಂದರೆ, ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಶನಿವಾರ ಶಾಲೆ ಬೇಗ ಬಿಡುತ್ತಿತ್ತು. ಆ ದಿನ ರಾಗಿ ಬೀಸಿಸಿಕೊಂಡು ಬರುವುದು ನನ್ನ ಕೆಲಸ. ಗಿರಣಿ ನಮ್ಮ ಮನೆಯಿಂದ ಮೂರು ಓಣಿ ಆಚೆಗಿತ್ತು. ಹಿಂದೆ ಯಾರೋ ನಡೆಸಿ ಮುಚ್ಚಿಬಿಟ್ಟಿದ್ದ ಗಿರಣಿಯನ್ನು ಆ ಓಣಿಯ ಹೆಂಗಸರು ಸಂಘ ಕಟ್ಟಿಕೊಂಡು ಮತ್ತೆ ಶುರುಮಾಡಿದ್ದರು. ಎಲ್ಲರೂ ಕಾರ್ಖಾನೆ ಕೆಲಸಗಾರರ ಮನೆಯವರು. ಒಬ್ಬರು ಕಾಳು ಸುರಿದರೆ ಇನ್ನೊಬ್ಬರು ತೂಕ ನೋಡುತ್ತಿದ್ದರು, ಉಳಿದವರು ಬಾಗಿಲ ಬಳಿಯ ಉದ್ದ ಬೆಂಚಿನ ಮೇಲೆ ಕೂತು ಅಕ್ಕಿಯ ಕಲ್ಲು ಆರಿಸುತ್ತಾ ಊರಿನ ಸುದ್ದಿ ಆರಿಸುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ನೈಟ್ ಶಿಫ್ಟು, ಯಾವ ಮಗುವಿಗೆ ಸೀತಾಳೆ, ಎಲ್ಲವೂ ಆ ಬೆಂಚಿಗೆ ಗೊತ್ತಿತ್ತು. ಕಾಯಿಲೆಯ ಮನೆಗೆ ಗಂಜಿಯ ನುಚ್ಚು ಕೇಳದೆಯೇ ತಲುಪುತ್ತಿತ್ತು.

ಅಲ್ಲಿ ಜನ ಸಾಲು ನಿಲ್ಲಬೇಕಾಗಿರಲಿಲ್ಲ, ಡಬ್ಬಿಗಳು ನಿಲ್ಲುತ್ತಿದ್ದವು. ಡಬ್ಬಿ ಇಟ್ಟು ಮನೆಗೆ ಹೋಗಿ, ಕೆಲಸ ಮುಗಿಸಿ ಬರಬಹುದಿತ್ತು. ಎಲ್ಲರೂ ಹಾಗೇ ಹೋಗುತ್ತಿದ್ದರು, ನಾನೊಬ್ಬಳೇ ಹೋಗುತ್ತಿರಲಿಲ್ಲ. ಡಬ್ಬಿಯ ಪಕ್ಕದಲ್ಲೇ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಬೆಲ್ಟು ಟಪಟಪ ತಿರುಗುವ ಸದ್ದು, ಕಾಲಡಿಯಲ್ಲಿ ನಡುಗುವ ನೆಲ, ಬಿಸಿ ರಾಗಿ ಹಿಟ್ಟಿನ ಘಮ, ಎಲ್ಲರ ರೆಪ್ಪೆಯ ಮೇಲೂ ಬಿಳೀ ಪುಡಿ. ಆ ಗದ್ದಲದಲ್ಲಿ ಯಾರೂ ಮಾತನಾಡಿಸದಿದ್ದರೂ ಒಬ್ಬಳೇ ಇದ್ದೇನೆ ಅನ್ನಿಸುತ್ತಿರಲಿಲ್ಲ.

ಡಬ್ಬಿ ಯಾರದೆಂದು ತಿಳಿಯಬೇಕಲ್ಲ? ಆಗಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಮ್ಮ ಹೆಸರು ಹೇಳಲೂ ಅವರಿಗೆ ನಾಚಿಕೆ. ಅದಕ್ಕೆ ಗಿರಣಿಯಲ್ಲಿ ಮಕ್ಕಳ ಹೆಸರು ನಡೆಯುತ್ತಿತ್ತು. ಡಬ್ಬಿಯ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ‘ಮಂಜು ಅಮ್ಮ’, ‘ಸೆಲ್ವಿ ಅಮ್ಮ’, ‘ಲತಾ ಅಮ್ಮ’ ಎಂದು ಬರೆಯುತ್ತಿದ್ದರು. ಬರೆಯುವವರು ಗಿರಣಿ ನೋಡಿಕೊಳ್ಳುತ್ತಿದ್ದ ಹೆಂಗಸು, ಮಕ್ಕಳಿಗೆಲ್ಲ ಗಿರಣಿ ಅತ್ತೆ. ಅವರ ಮನೆಮಾತು ತಮಿಳು. ಕನ್ನಡ ಅಕ್ಷರವನ್ನು ಸಂಜೆಯ ತರಗತಿಯಲ್ಲಿ ಆಗಷ್ಟೇ ಕಲಿಯುತ್ತಿದ್ದರು. ಒತ್ತಕ್ಷರವೆಂದರೆ ಅವರಿಗೆ ಆಗದು, ಆದರೆ ‘ಅಮ್ಮ’ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ದಿನವೂ ಅಷ್ಟೊಂದು ಡಬ್ಬಿಯ ಮೇಲೆ ಅದನ್ನೇ ಬರೆದು ಕೈ ಪಳಗಿತ್ತು.

ನಾನು ಮೊದಲ ಸಲ ಹೋದಾಗ ಅವರು ಕೇಳಿದ್ದು ಇಷ್ಟೇ: "ನಿನ್ ಹೆಸರೇನು ಕಣ್ಣು?"

ತಮಿಳಿನವರು ಮುದ್ದಿನ ಮಕ್ಕಳನ್ನು ಕಣ್ಣು ಎನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಹಿಟ್ಟು ಬಿದ್ದಿದೆಯೇನೋ ಎಂದು ಉಜ್ಜಿಕೊಂಡು "ಪುಟ್ಟಿ" ಎಂದೆ. ಅವರು ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ‘ಪುಟಿ ಅಮ್ಮ’ ಎಂದು ಬರೆದರು.

ನಾನು ನೋಡುತ್ತಲೇ ನಿಂತೆ. ನನ್ನ ಹೆಸರಿನ ಪಕ್ಕದಲ್ಲಿ ಅಮ್ಮ. ಎಲ್ಲ ಡಬ್ಬಿಗಳ ಹಾಗೆಯೇ ನಮ್ಮ ಡಬ್ಬಿ. ಅಮ್ಮ ಇಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅವರು ಅತ್ತ ತಿರುಗಿದಾಗ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರಿನಿಂದ ಟ ಒತ್ತು ಸೇರಿಸಿದೆ. ಸುಳ್ಳಾದರೂ ತಪ್ಪಿಲ್ಲದೆ ಇರಲಿ ಅಂತಲೋ ಏನೋ!

ಒಂದು ಸುಳ್ಳು ಒಂದೇ ಆಗಿ ಉಳಿಯುವುದಿಲ್ಲ. ಕೆಲವು ವಾರವಾದ ಮೇಲೆ ಬೆಂಚಿನ ಮೇಲಿದ್ದ ಲತಾ ಅಮ್ಮ, "ನಿಮ್ಮಮ್ಮ ಒಂದ್ ದಿನಾನೂ ಬರಲ್ವಲ್ಲೇ ಮಾರಾಯ್ತಿ?" ಎಂದರು. "ಮೊಣಕಾಲು ನೋವು" ಎಂದುಬಿಟ್ಟೆ. ಮುಂದಿನ ಶನಿವಾರ ಅವರು ಒಂದು ಸಣ್ಣ ಬಾಟಲಿಯಲ್ಲಿ ಓಮು ಹಾಕಿ ಕಾಯಿಸಿದ ಎಣ್ಣೆ ತಂದುಕೊಟ್ಟರು. ಅದನ್ನು ಪುಸ್ತಕದ ಚೀಲದ ತಳದಲ್ಲಿ ಬಚ್ಚಿಟ್ಟೆ. ನನ್ನ ಕನ್ನಡ ಪುಸ್ತಕ ವರ್ಷ ಮುಗಿಯುವ ತನಕ ಓಮಿನ ವಾಸನೆ ಹೊಡೆಯುತ್ತಿತ್ತು.

ಇನ್ನು ಆ ದಿನದ ಕಥೆ. ಅಂದೂ ಶನಿವಾರ. ನನ್ನ ಡಬ್ಬಿಗಿಂತ ಮುಂದೆ ಎಂಟು ಡಬ್ಬಿಗಳಿದ್ದಾಗ ಕರೆಂಟು ಹೋಯಿತು. ಬೆಲ್ಟು ಉಸ್ಸೆಂದು ನಿಂತಿತು. ಒಮ್ಮೆಲೇ ಎಷ್ಟು ನಿಶ್ಶಬ್ದ! ದೂರದ ಸೇತುವೆಯ ಮೇಲೆ ಲಾರಿ ಹೋಗುವುದೂ ಕೇಳಿಸಿತು. ಹೆಂಗಸರು ಕಾದರು, ಮನೆಗೆ ಹೋಗಿ ಅಡುಗೆ ಮುಗಿಸಿ ಬಂದರು, ಮತ್ತೆ ಕಾದರು. ನಾನು ಗೋಡೆಗೆ ಒರಗಿಯೇ ಇದ್ದೆ. ಸೆಲ್ವಿ ಅಮ್ಮ ನನ್ನ ಕೈಗೆ ಒಂದು ಹಿಡಿ ಹುರಿಗಡಲೆ ಹಾಕಿದರು. ಸಂಜೆ ಐದರ ಮೇಲೆ ಕರೆಂಟು ಬಂತು. ಎಲ್ಲರದೂ ಬೀಸಿ ಮುಗಿಯುವಾಗ ಬಿಸಿಲು ಹೆಂಚಿನ ಮೇಲೆ ಮಾತ್ರ ಉಳಿದಿತ್ತು.

ಆಗ ಗಿರಣಿ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಹೊತ್ತಾಯ್ತು. ಮಕ್ಕಳ ಕೈಲಿ ಹೊರಿಸೋದು ಬೇಡ. ನಾವೇ ಒಂದೊಂದು ಮನೆಗೆ ಕೊಟ್ ಬರೋಣ" ಎಂದರು. ಎಲ್ಲರೂ ಸರಿ ಎಂದರು.

"ಬೇಡ ಅತ್ತೆ, ನಾನೇ ತಗೊಂಡ್ ಹೋಗ್ತೀನಿ."

"ಬಿಸಿ ಡಬ್ಬಿ ಕಣ್ಣು, ತಲೆ ಸುಡುತ್ತೆ. ನಿಮ್ಮಮ್ಮನ ಮೊಣಕಾಲು ಹೆಂಗಿದೆ ಅಂತ ನೋಡಿದ ಹಾಗೂ ಆಯ್ತು."

ಅವರು ಸಿಂಬೆ ಸುತ್ತಿ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು. ನಾನು ಮುಂದೆ, ಅವರು ಹಿಂದೆ. ಸುಳ್ಳಿ ಎಂದು ಗಿರಣಿಯಿಂದ ಓಡಿಸುತ್ತಾರೆ, ಇಲ್ಲವೇ ಎಲ್ಲರೂ "ಪಾಪ" ಎನ್ನಲು ಶುರುಮಾಡುತ್ತಾರೆ. ಎರಡರಲ್ಲಿ ಯಾವುದಾದರೂ ನನಗೆ ಶನಿವಾರವೇ ಇಲ್ಲದಂತಾಗುತ್ತದೆ. ಏನೂ ತೋಚದೆ ನಮ್ಮ ಓಣಿಯನ್ನು ದಾಟಿ ಮುಂದೆ ಕರೆದುಕೊಂಡು ಹೋದೆ. ಎಸ್‌ಟಿಡಿ ಬೂತಿನ ಮುಂದೆ ಹೋದೆವು, ಸೌದೆ ಡಿಪೋ ಸುತ್ತಿದೆವು, ಮತ್ತೆ ಎಸ್‌ಟಿಡಿ ಬೂತಿನ ಮುಂದೆಯೇ ಬಂದೆವು. ಅತ್ತೆಯ ಹಣೆಯ ಬೆವರಿಗೆ ಹಿಟ್ಟು ಕಲಸಿ ಅಂಟಾಗಿತ್ತು. "ಇನ್ನೂ ಎಷ್ಟು ದೂರ ಕಣ್ಣು?" ಎಂದು ಅವರು ಉಸಿರು ಬಿಟ್ಟಾಗ ನನಗೆ ತಡೆಯಲಾಗಲಿಲ್ಲ. ನಮ್ಮ ಓಣಿಗೆ ತಿರುಗಿದೆ.

ಬಾಗಿಲಿಗೆ ಬೀಗ. ಹೊರಗಿನಿಂದ.

ಅತ್ತೆ ಬೀಗವನ್ನು ನೋಡಿದರು. ಆಮೇಲೆ ನನ್ನ ಕೊರಳಿನ ಕಪ್ಪು ದಾರವನ್ನು ನೋಡಿದರು. ಡಬ್ಬಿ ಇನ್ನೂ ತಲೆಯ ಮೇಲೇ ಇತ್ತು.

"ಅಮ್ಮ ಇಲ್ಲ" ಎಂದೆ.

"ಎಲ್ಲಿಗೆ ಹೋಗಿದಾರೆ?"

"ಸತ್ತು ಒಂದು ವರ್ಷ ಆಯ್ತು."

ಕಣ್ಣು ಮುಚ್ಚಿಕೊಂಡು ಆ ಮಾತಿಗಾಗಿ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ. ಅದು ಬರಲಿಲ್ಲ. ಅತ್ತೆ ಹೇಳಿದ್ದು: "ಬೀಗ ತೆಗಿ ಕಣ್ಣು. ಡಬ್ಬಿ ಭಾರ ಇದೆ."

ಒಳಗೆ ಬಂದು ಡಬ್ಬಿ ಇಳಿಸಿ ಅವರು ಮುಚ್ಚಳ ತೆಗೆದರು. ಹಬೆ ಎದ್ದು ಕೋಣೆಯ ತುಂಬ ರಾಗಿಯ ಘಮ ಹರಡಿತು. ಬೆಳಗಿನ ಸೀಮೆಎಣ್ಣೆ ವಾಸನೆ ಎಲ್ಲಿಗೆ ಹೋಯಿತೋ! "ಬಿಸಿ ಹಿಟ್ಟಿಗೆ ಮುಚ್ಚಳ ಹಾಕಬಾರದು, ಬೆವರಿ ಗಂಟು ಕಟ್ಟುತ್ತೆ. ಆರೋ ತನಕ ನಾನು ಕೂತಿರ್ತೀನಿ" ಎಂದು ಗೋಡೆಗೆ ಒರಗಿ ನೆಲದ ಮೇಲೆಯೇ ಕಾಲು ಚಾಚಿದರು. ನಾನು ನೀರು ಕೊಟ್ಟೆ. ಕುಡಿದರು. ನಾನು ಅವರ ಪಕ್ಕದಲ್ಲಿ ಕೂತೆ. ಹಿಟ್ಟು ಆರುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲವೆಂದು ಈಗ ನನಗೆ ಗೊತ್ತು. ಅಂದು ಮಾತ್ರ ಅಕ್ಕನ ಬಸ್ಸು ಬಂದು, ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ನಮ್ಮ ಹಿಟ್ಟು ಆರಲೇ ಇಲ್ಲ.

ಹೊರಡುವ ಮುಂಚೆ ಅವರು ಸೆರಗಿನ ಗಂಟಿನಿಂದ ಸೀಮೆಸುಣ್ಣ ತೆಗೆದರು. ಡಬ್ಬಿಯ ಮೇಲಿನ ‘ಪುಟ್ಟಿ ಅಮ್ಮ’ವನ್ನು ನೋಡುತ್ತಾ ಬೆರಳನ್ನು ಒದ್ದೆ ಮಾಡಿಕೊಂಡರು. "ಅಳಿಸಬೇಡಿ ಅತ್ತೆ" ಎಂದೆ.

"ಅಮ್ಮನ್ನ ಯಾರು ಅಳಿಸ್ತಾರೆ?" ಎಂದು ಅವರು ಟ್ಟಿಯ ಗುಡಿಸನ್ನು ಮಾತ್ರ ಉಜ್ಜಿದರು. ಆಮೇಲೆ ಪಕ್ಕದ ಅ. ಉಳಿದದ್ದನ್ನು ಒಂದು ಗೆರೆಯಿಂದ ಸೇರಿಸಿ, ದೂರದಿಂದ ನೋಡಿ, "ಒತ್ತು ಸರಿ ಇದೆಯಾ ಓದು" ಎಂದರು.

ಓದಿದೆ. ‘ಪುಟ್ಟಮ್ಮ’.

"ಇನ್ಮೇಲೆ ಈ ಡಬ್ಬಿ ನಿಂದು. ಯಾರ ಮನೇದು ಅಂತ ಕೇಳಿದ್ರೆ ಪುಟ್ಟಮ್ಮನ ಮನೇದು. ತಿಳೀತಾ?"

ಅವರು ಹೋದ ಮೇಲೆ ನನಗೆ ಅಳು ಬಂತು. ಅಕ್ಕನಿಗೂ ಬಂತು. ಅಮ್ಮ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು. ಮರುದಿನ ಶಿಫ್ಟು ಮುಗಿಸಿ ಬಂದ ಅಪ್ಪ ಡಬ್ಬಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಊಟಕ್ಕೆ ಕೂತಾಗ "ಪುಟ್ಟಮ್ಮ, ಮುದ್ದೆ ಚೆನ್ನಾಗಿದೆ" ಎಂದರು. ಅಲ್ಲಿಯ ತನಕ ಅವರು ನನ್ನನ್ನು ಹಾಗೆ ಕರೆದವರಲ್ಲ.

ಮುಂದಿನ ಶನಿವಾರ ಗಿರಣಿಗೆ ಹೆದರುತ್ತಲೇ ಹೋದೆ. ಬೆಂಚಿನವರಿಗೆಲ್ಲ ಗೊತ್ತಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಯಾರೂ ಪಾಪ ಎನ್ನಲಿಲ್ಲ. ಲತಾ ಅಮ್ಮ ಕಣ್ಣು ಕೆಂಪಗೆ ಮಾಡಿ, "ಏಯ್ ಪುಟ್ಟಮ್ಮ, ನನ್ನ ಎಣ್ಣೆ ಬಾಟ್ಲಿ ವಾಪಸ್ ತಂದ್ಯಾ? ನನ್ ಮೊಣಕಾಲು ಹಿಡ್ಕೊಂಡಿದೆ ಇಲ್ಲಿ!" ಎಂದರು. ಬೆಂಚು ಪೂರ್ತಿ ನಕ್ಕಿತು. ಸ್ವಲ್ಪ ಸರಿದು ನನಗೂ ಜಾಗ ಬಿಟ್ಟರು. ಅಂದಿನಿಂದ ನಾನು ಗೋಡೆಗೆ ಒರಗಿ ನಿಲ್ಲಲಿಲ್ಲ.

ನನ್ನ ಒಂಟಿತನ ಅಲ್ಲಿಗೆ ಮುಗಿಯಿತು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮಿಕ್ಕ ಆರು ದಿನ ಅದೇ ಬೀಗ, ಅದೇ ಖಾಲಿ ಮನೆ, ಅದೇ "ಬಂದೆ". ಎಷ್ಟೋ ಸಂಜೆ ಸೈರನ್ ಕೂಗುವುದನ್ನೇ ಕಾಯುತ್ತಾ ಹೊಸಿಲ ಮೇಲೆ ಕೂತಿರುತ್ತಿದ್ದೆ. ಆದರೆ ಶನಿವಾರ ಬರುತ್ತದೆ ಎಂಬುದೊಂದು ಇತ್ತು. ಕಾಯುವುದಕ್ಕೆ ಏನಾದರೂ ಇದ್ದರೆ ಸಂಜೆ ಅಷ್ಟು ಉದ್ದ ಇರುವುದಿಲ್ಲ.

ಆ ಡಬ್ಬಿ ಈಗಲೂ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ, ನೀವು ಕ್ರಿಕೆಟ್ ಚೆಂಡು ಬಚ್ಚಿಡುವುದು ಅದರಲ್ಲೇ. ಸೀಮೆಸುಣ್ಣ ಎಂದೋ ಅಳಿಸಿಹೋಗಿದೆ. ನೀವು ಶಾಲೆಯಿಂದ ಬಂದು ಬಾಗಿಲಿಗೆ ನಾಲ್ಕು ಅಂಕಿ ಒತ್ತಿ ಒಳಗೆ ಬರುತ್ತೀರಿ, ಎದೆಗೆ ಏನೂ ಬಡಿಯುವುದಿಲ್ಲ. ಹಿಟ್ಟು ಮನೆಬಾಗಿಲಿಗೇ ಬರುತ್ತದೆ. ಚೀಟಿಯ ಮೇಲೆ ನಿಮ್ಮ ಅಮ್ಮನ, ಅಂದರೆ ನನ್ನ, ಪೂರ್ತಿ ಹೆಸರು ಅಚ್ಚಾಗಿರುತ್ತದೆ, ಒಂದು ಒತ್ತೂ ತಪ್ಪಿರುವುದಿಲ್ಲ. ತಂದವನು ಬೆಲ್ ಒತ್ತಿ, ನೀವು ಬಾಗಿಲು ತೆಗೆಯುವಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತಾನೆ. ಅವನ ತಪ್ಪೇನಿಲ್ಲ ಬಿಡಿ, ಅವನಿಗೆ ಇನ್ನೂ ಹತ್ತು ಮನೆ ಇರುತ್ತವೆ. ನಾನು ಮಾತ್ರ ಪ್ಯಾಕೆಟ್ಟನ್ನು ಎತ್ತಿಕೊಂಡಾಗಲೆಲ್ಲ ಒಮ್ಮೆ ಕೈಯಿಂದ ಮುಟ್ಟಿ ನೋಡುತ್ತೇನೆ. ಅದು ಯಾವಾಗಲೂ ತಣ್ಣಗಿರುತ್ತದೆ. ಆರುವ ತನಕ ಕೂತಿರ್ತೀನಿ ಎನ್ನಲು ಯಾರಿಗೂ ಒಂದು ನೆಪವೇ ಇಲ್ಲ.